ನ್ಯಾಯಾಲಯದ ದೂರವನ್ನು ಅಳೆಯುವವರು ಯಾರು?

ಕಳೆದ ಮೂರು ದಶಕಗಳಲ್ಲಿ ಹರಪನಹಳ್ಳಿ ತಾಲ್ಲೂಕು ಮೂರು ಸಲ ಜಿಲ್ಲೆ ಬದಲಿಸಿದೆ. 1997ರಲ್ಲಿ ಅದು ಬಳ್ಳಾರಿಯಿಂದ ಹೊಸದಾಗಿ ರಚನೆಯಾದ ದಾವಣಗೆರೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜತೆ ಅದರ ಭಾಗವಾಯಿತು. ಪ್ರತಿ ಸಲವೂ ಜಿಲ್ಲಾಧಿಕಾರಿ ಕಚೇರಿ ಎಲ್ಲಿ, ಅನುದಾನವೆಷ್ಟು, ಮೀಸಲಾತಿ ಏನು ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಆದರೆ ಜಮೀನಿನ ವ್ಯಾಜ್ಯ ಹೂಡಿದ ಒಬ್ಬ ರೈತ ನ್ಯಾಯಕ್ಕಾಗಿ ಇನ್ನು ಮುಂದೆ ಯಾವ ಊರಿನ ಬಸ್ಸು ಹತ್ತಬೇಕು ಎಂಬ ಪ್ರಶ್ನೆ ವೇದಿಕೆಯ ಮೇಲೆ ಅಷ್ಟಾಗಿ ಕೇಳಿಬರಲಿಲ್ಲ.

ಈ ಪ್ರಶ್ನೆ ಹೊಸದಲ್ಲ. ಈ ಸೀಮೆಯ ಇತಿಹಾಸವನ್ನು ನ್ಯಾಯದಾನದ ಕಡೆಯಿಂದ ಓದಿದರೆ, ಅದು ತೀರ್ಪು ಕೊಡುವ ಸ್ಥಳ ಹತ್ತಿರ ಬರುವ, ಮತ್ತೆ ದೂರ ಸರಿಯುವ ಇತಿಹಾಸವೇ ಆಗಿದೆ. ಶಾಸನಗಳಲ್ಲಿ ಬರುವ ‘ಕೋಗಳಿ ಐನೂರು’ ನೊಳಂಬವಾಡಿಯೊಳಗಿನ ಒಂದು ಆಡಳಿತ ಘಟಕ. ಇಂದು ಕೋಗಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಬಸದಿಯಲ್ಲಿ, ಹರಪನಹಳ್ಳಿ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಶಾಸನಗಳಿವೆ. ದಾನಶಾಸನವೆಂಬುದು ಕೇವಲ ಭಕ್ತಿಯ ದಾಖಲೆಯಲ್ಲ. ಭೂಮಿ ಯಾರದು, ಎಲ್ಲೆ ಯಾವುದು, ತಪ್ಪಿದವರಿಗೆ ಯಾವ ಪಾಪ ಎಂಬುದನ್ನು ಊರಿನ ನಡುವೆ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ಹಕ್ಕುಪತ್ರವದು. ಓದಲು ಬಾರದವನಿಗೂ ಅದು ಎಲ್ಲಿ ನಿಂತಿದೆ ಎಂಬುದು ಗೊತ್ತಿತ್ತು.

1800ರಲ್ಲಿ ಹೈದರಾಬಾದಿನ ನಿಜಾಮರು ತಮ್ಮ ರಕ್ಷಣೆಗಿದ್ದ ಸೈನ್ಯದ ವೆಚ್ಚಕ್ಕೆ ಪ್ರತಿಯಾಗಿ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ‘ದತ್ತ ಮಂಡಲ’ಗಳ ಪ್ರಧಾನ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಎದುರು ಸುಮಾರು ಎಂಬತ್ತು ಮಂದಿ ಪಾಳೆಯಗಾರರಿದ್ದರು, ಹರಪನಹಳ್ಳಿಯದು ಅವುಗಳಲ್ಲಿ ದೊಡ್ಡ ಮನೆತನಗಳಲ್ಲೊಂದು. ಅಲ್ಲಿಯವರೆಗೆ ಕರ ಎತ್ತುವ, ದಂಡ ವಿಧಿಸುವ, ನ್ಯಾಯ ಹೇಳುವ ಮೂರೂ ಅಧಿಕಾರಗಳು ಕೋಟೆಯೊಳಗೇ ಇದ್ದವು. ಪಾಳೆಯಪಟ್ಟುಗಳು ಹೋದ ಮೇಲೆ ಆ ಜಾಗವನ್ನು ಯಾವುದು ತುಂಬಬೇಕು ಎಂಬ ಪ್ರಶ್ನೆ ಎದ್ದಿತು.

ಕಾರ್ನ್‌ವಾಲಿಸ್ ಮಾದರಿಯ ಉತ್ತರ ಜಿಲ್ಲಾ ಕೇಂದ್ರದಲ್ಲೊಂದು ನ್ಯಾಯಾಲಯ, ಅದಕ್ಕೊಬ್ಬ ಯುರೋಪಿಯನ್ ನ್ಯಾಯಾಧೀಶ ಎಂಬುದಾಗಿತ್ತು. ಮನ್ರೋ ಇದನ್ನು ಒಪ್ಪಲಿಲ್ಲ. ದೂರದ ನ್ಯಾಯಾಲಯ, ತಿಳಿಯದ ಭಾಷೆ, ಮುಗಿಯದ ವಿಚಾರಣೆ ಬಡ ರೈತನಿಗೆ ನ್ಯಾಯವನ್ನು ನಿರಾಕರಿಸಿದಂತೆಯೇ ಎಂಬುದು ಅವನ ವಾದದ ತಿರುಳು. ಅವನ ನೇತೃತ್ವದ ಆಯೋಗದ ಫಲವಾಗಿ 1816ರಲ್ಲಿ ಮದರಾಸು ಸರ್ಕಾರ ಹೊಸ ನಿಬಂಧನೆಗಳನ್ನು ತಂದಿತು. ಹಳ್ಳಿ ಮುನ್ಸೀಫರು, ಪಂಚಾಯಿತಿಗಳು, ಜಿಲ್ಲಾ ಮುನ್ಸೀಫರು ಹೀಗೆ ಶ್ರೇಣಿಯೊಂದು ರೂಪುಗೊಂಡಿತು. ಆದರೆ ಅದೇ ಸುಧಾರಣೆ ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಕಲೆಕ್ಟರನಿಗೆ ವರ್ಗಾಯಿಸಿತು. ನ್ಯಾಯವನ್ನು ಹತ್ತಿರ ತಂದ ಕೈಯೇ ಅದನ್ನು ಕಂದಾಯ ಇಲಾಖೆಯ ಸೂರಿನಡಿ ಕೂರಿಸಿತು.

ಹೀಗೆ ಹುಟ್ಟಿದ್ದು ನಮ್ಮ ತಾಲ್ಲೂಕು ಕಚೇರಿ. ಖಜಾನೆ, ದಫ್ತರು, ಉಪಕಾರಾಗೃಹ, ಮ್ಯಾಜಿಸ್ಟ್ರೇಟರ ಪೀಠ ಒಂದೇ ಆವರಣದಲ್ಲಿ. ಬೆಳಿಗ್ಗೆ ಕಂದಾಯದ ಬಾಕಿ ಕೇಳುವ ತಹಶೀಲ್ದಾರರೇ ಮಧ್ಯಾಹ್ನ ಮ್ಯಾಜಿಸ್ಟ್ರೇಟರು. ಜನ ಇಂದಿಗೂ ‘ಕಚೇರಿಗೆ ಹೋಗಿಬಂದೆ’ ಎನ್ನುವಾಗ ಕೋರ್ಟಿಗೋ ತಾಲ್ಲೂಕು ಆಫೀಸಿಗೋ ಎಂದು ಕೇಳಿ ತಿಳಿಯಬೇಕಾಗುತ್ತದೆ. ಭಾಷೆಯಲ್ಲಿ ಉಳಿದ ಈ ಗೊಂದಲ ಒಂದೂವರೆ ಶತಮಾನದ ಆಡಳಿತದ ಪಡಿಯಚ್ಚು. ಮೇಲ್ಮನವಿಯ ಕೊನೆಯ ಮೆಟ್ಟಿಲಾದರೋ ಮದರಾಸಿನಲ್ಲಿತ್ತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಈ ಮೆಟ್ಟಿಲು ಬೆಂಗಳೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೇರಿದಂತೆ ಉಳಿದವು ಮೈಸೂರಿಗೆ ಬಂದವು. ಆಂಧ್ರ ರಚನೆಯ ಬಗ್ಗೆ ನ್ಯಾಯಮೂರ್ತಿ ವಾಂಛೂ, ಬಳ್ಳಾರಿ ತಾಲ್ಲೂಕಿನ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ನೀಡಿದ ವರದಿಗಳು ಈ ವಿಂಗಡಣೆಗೆ ಆಧಾರವಾದವು. ಜನರು ಭಾಷೆಗಾಗಿ ಹೋರಾಡಿದ್ದರು. ತಮ್ಮ ನುಡಿ ಬಲ್ಲ ರಾಜಧಾನಿಯಲ್ಲಿ ತಮ್ಮ ಅಹವಾಲು ಕೇಳಿಸಬೇಕೆಂಬುದೂ ಆ ಹೋರಾಟದ ಒಳಗೇ ಇತ್ತು ಎಂಬುದನ್ನು ಮರೆಯಬಾರದು.

ಎರಡನೆಯ ಮಹತ್ವದ ತಿರುವು 1974. ಸಂವಿಧಾನದ 50ನೇ ವಿಧಿಯ ಆಶಯದಂತೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಕೆಲಸವನ್ನು ಆ ವರ್ಷದ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ದೇಶದಾದ್ಯಂತ ಸ್ಥಿರಗೊಳಿಸಿತು. ಅಪರಾಧಗಳ ವಿಚಾರಣೆ ನ್ಯಾಯಿಕ ಮ್ಯಾಜಿಸ್ಟ್ರೇಟರದಾಯಿತು. ಶಾಂತಿ ಪಾಲನೆ, ನಿಷೇಧಾಜ್ಞೆಯಂಥ ಅಧಿಕಾರ ಮಾತ್ರ ಕಂದಾಯ ಅಧಿಕಾರಿಗಳಲ್ಲಿ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ವಿಂಗಡಣೆಯ ಮೂಲ ಚೌಕಟ್ಟು ಮುಂದುವರಿದಿದೆ. ಅದೇ 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ತಾಲ್ಲೂಕು ಮಟ್ಟಕ್ಕೇ ಭೂನ್ಯಾಯ ಮಂಡಳಿಗಳನ್ನು ತಂದಿತು. ಉಪವಿಭಾಗಾಧಿಕಾರಿಯ ಜತೆ ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು ಕುಳಿತು ಗೇಣಿದಾರನ ಹಕ್ಕನ್ನು ತೀರ್ಮಾನಿಸುವ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು. ರಾಜಕೀಯದ ನೆರಳೂ ಇತ್ತು. ಆದರೂ ಅಷ್ಟೊಂದು ಅರ್ಜಿಗಳು ಬರಲು ಒಂದು ಕಾರಣ ಮಂಡಳಿ ಸಮೀಪವಿದ್ದುದು ಎಂದು ಕಂದಾಯ ಆಡಳಿತದಲ್ಲಿ ಸೇವೆ ಸಲ್ಲಿಸಿದ ನನ್ನ ಅಭಿಪ್ರಾಯ. ಸಮೀಪದಲ್ಲಿರುವ ಅಪೂರ್ಣ ನ್ಯಾಯಪೀಠವು ದೂರದಲ್ಲಿರುವ ಪರಿಪೂರ್ಣ ಪೀಠಕ್ಕಿಂತ ಬಡವನಿಗೆ ಹೆಚ್ಚು ಉಪಯುಕ್ತ.

ಈ ಹಿನ್ನೆಲೆಯಲ್ಲಿ ಇತ್ತೀಚಿನ ಬದಲಾವಣೆಗಳನ್ನು ನೋಡಬೇಕು. ಪಹಣಿಯಲ್ಲಿನ ಹೆಸರಿನ ತಕರಾರಿಗೆ 1964ರ ಭೂಕಂದಾಯ ಕಾಯ್ದೆಯಡಿ ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಎಂಬ ಮೂರು ಹಂತಗಳಿವೆ. 2018ರ ಆರಂಭದಲ್ಲಿ ಹರಪನಹಳ್ಳಿಯ ರೈತನಿಗೆ ಮೂರನೆಯ ಹಂತ ದಾವಣಗೆರೆಯಲ್ಲಿತ್ತು. ಬಳಿಕ ಬಳ್ಳಾರಿಗೆ ಹೋಯಿತು. 2021ರ ಕೊನೆಯ ವೇಳೆಗೆ ಹೊಸಪೇಟೆ ಸೇರಿತು. ನಾಲ್ಕು ವರ್ಷಗಳೊಳಗೆ ಮೂರು ಊರು! ಹೈಕೋರ್ಟಿನ ವಿಷಯವೂ ಹಾಗೆಯೇ. 2008ರ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಬಂತು; 2013ರಲ್ಲಿ ಅದು ಕಾಯಂ ಪೀಠವಾಯಿತು. ದಾವಣಗೆರೆ ಮಾತ್ರ ಬೆಂಗಳೂರಿನ ಪ್ರಧಾನ ಪೀಠದಲ್ಲಿಯೇ ಉಳಿಯಿತು. ಪಕ್ಕದ ಹಡಗಲಿಯ ಕಕ್ಷಿದಾರ ಧಾರವಾಡಕ್ಕೆ, ಹರಪನಹಳ್ಳಿಯವನು ಬೆಂಗಳೂರಿಗೆ! ತಾಲ್ಲೂಕನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸೇರಿಸುವವರು ಉತ್ತರಿಸಬೇಕಾದ ಪ್ರಶ್ನೆಗಳು ಇವು.

ಹರಪನಹಳ್ಳಿಯ ಜನ ಬಳ್ಳಾರಿಗೆ ಮರಳಬಯಸಿದ್ದು ಅಕಾರಣವಾಗಿ ಅಲ್ಲ. 371ಜೆ ವಿಧಿಯ ಸೌಲಭ್ಯಗಳು ಜಾರಿಗೆ ಬಂದಾಗ ಬಳ್ಳಾರಿ ಆ ಪಟ್ಟಿಯಲ್ಲಿತ್ತು, ದಾವಣಗೆರೆ ಇರಲಿಲ್ಲ. ಶಿಕ್ಷಣ ಮತ್ತು ಉದ್ಯೋಗದಲ್ಲಿನ ಆ ಅವಕಾಶವನ್ನು ಕಳೆದುಕೊಳ್ಳಲು ಹಿಂದುಳಿದ ತಾಲ್ಲೂಕೊಂದು ಒಪ್ಪದಿದ್ದುದು ನ್ಯಾಯವೇ. ಆದರೆ ರಸ್ತೆಯಲ್ಲಿ ದಾವಣಗೆರೆಯೇ ಹತ್ತಿರ. ಹೊಸಪೇಟೆ ದೂರ, ಬಳ್ಳಾರಿ ಇನ್ನೂ ದೂರ. ಲಾಭ ಯುವಕರ ಪಾಲಿಗೆ ಬಂದರೆ ವೆಚ್ಚ ಬಿದ್ದದ್ದು ಕಕ್ಷಿದಾರರ ಮೇಲೆ. ಒಂದು ನಿರ್ಧಾರದ ಲಾಭ-ನಷ್ಟಗಳು ಬೇರೆ ಬೇರೆ ಜನರಿಗೆ ಸಂದಾಗ ನಷ್ಟ ಹೊತ್ತವರಿಗೆ ಪರಿಹಾರ ಒದಗಿಸುವುದು ಸರ್ಕಾರದ ಹೊಣೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ನ್ಯಾಯದ ಬೆಲೆಯನ್ನು ನಾವು ಕೋರ್ಟ್ ಶುಲ್ಕ, ವಕೀಲರ ಶುಲ್ಕಗಳಿಂದ ಅಳೆಯುತ್ತೇವೆ. ಕೂಲಿಕಾರ್ಮಿಕನ ಲೆಕ್ಕ ಬೇರೆ. ಬಸ್ಸಿನ ದರ, ಊಟ, ಕಳೆದುಹೋದ ದಿನಗೂಲಿ, ಜತೆಗೆ ಬರುವ ಸಾಕ್ಷಿಯ ಖರ್ಚು, ಇವೆಲ್ಲವನ್ನೂ ಮುಂದೂಡಿಕೆಗಳ ಸಂಖ್ಯೆಯಿಂದ ಗುಣಿಸಬೇಕು. ಜೀವನಾಂಶ ಕೇಳುವ ಪರಿತ್ಯಕ್ತೆಯ ಮಟ್ಟಿಗೆ ಈ ಗುಣಲಬ್ಧ ಕೆಲವೊಮ್ಮೆ ಆಕೆ ಕೇಳುತ್ತಿರುವ ಮೊತ್ತವನ್ನೇ ಮೀರಬಹುದು. ಆಗ ಆಕೆ ಮನವಿಯನ್ನೇ ಕೈಬಿಡುತ್ತಾಳೆ. ಅಂಕಿಅಂಶಗಳಲ್ಲಿ ಅದು ಬಾಕಿ ಪ್ರಕರಣವೊಂದು ಕಡಿಮೆಯಾದಂತೆ ಕಾಣುತ್ತದೆ.

ಮಾಡಬೇಕಾದ್ದೇನು? ಮೊದಲನೆಯದಾಗಿ, ಕಂದಾಯ ಜಿಲ್ಲೆಯಾದ ಮಾತ್ರಕ್ಕೆ ನ್ಯಾಯಿಕ ಜಿಲ್ಲೆ ತಾನಾಗಿ ಆಗುವುದಿಲ್ಲ. ಅದಕ್ಕೆ ಪ್ರತ್ಯೇಕ ಆದೇಶ, ಕಟ್ಟಡ, ಸಿಬ್ಬಂದಿ ಬೇಕು. ಆದ್ದರಿಂದ ಗಡಿ ಬದಲಿಸುವ ಪ್ರತಿ ಪ್ರಸ್ತಾವದೊಡನೆ ನ್ಯಾಯಾಲಯಗಳ ವ್ಯಾಪ್ತಿ, ಬಾಕಿ ಪ್ರಕರಣಗಳ ವರ್ಗಾವಣೆ ಮತ್ತು ಕಡತಗಳ ಸಾಗಾಟದ ವೇಳಾಪಟ್ಟಿಯನ್ನು ಹೈಕೋರ್ಟಿನೊಡನೆ ಸಮಾಲೋಚಿಸಿ ಮೊದಲೇ ಪ್ರಕಟಿಸಬೇಕು. ಎರಡನೆಯದಾಗಿ, ಜಿಲ್ಲಾಧಿಕಾರಿಗಳ ಕಂದಾಯ ನ್ಯಾಯಾಲಯ ತಿಂಗಳಲ್ಲಿ ನಿಗದಿತ ದಿನಗಳಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳಲ್ಲಿಯೇ ಕುಳಿತುಕೊಳ್ಳಬೇಕು; ಆ ದಿನವನ್ನು ಪ್ರಗತಿ ಪರಿಶೀಲನಾ ಸಭೆ ನುಂಗಬಾರದು. ಮೂರನೆಯದಾಗಿ, 2009ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಗ್ರಾಮ ನ್ಯಾಯಾಲಯ ಕಾಯ್ದೆಯನ್ನು ಕೊಟ್ಟೂರಿನಂಥ ಹೊಸ ತಾಲ್ಲೂಕುಗಳಲ್ಲಿ ಬಳಸಿಕೊಳ್ಳಬೇಕು. ನ್ಯಾಯಾಧಿಕಾರಿ ಹಳ್ಳಿಗಳಿಗೆ ತೆರಳಿ ವಿಚಾರಣೆ ನಡೆಸುವ ಅವಕಾಶ ಅದರಲ್ಲಿದೆ. ಮೇಲ್ಮನವಿ ಆರು ತಿಂಗಳಲ್ಲಿ ಮುಗಿಯಬೇಕೆಂಬ ಮಿತಿಯೂ ಇದೆ.

ಇ-ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ವಿಡಿಯೊ ವಿಚಾರಣೆಯಿಂದ ದೂರ ಅಳಿಯುತ್ತದೆ ಎಂಬ ಭರವಸೆ ಇದೆ. ವಕೀಲರಿಗೆ, ಸರ್ಕಾರಿ ಸಾಕ್ಷಿಗಳಿಗೆ ಅದು ಅನುಕೂಲವೇ ಸರಿ. ಆದರೆ ಗಡಿಕಲ್ಲಿನ ವ್ಯಾಜ್ಯದಲ್ಲಿ ಸ್ಥಳ ನೋಡದೆ, ಎರಡೂ ಕಡೆಯ ಹಿರಿಯರನ್ನು ಎದುರು ಕೂರಿಸಿಕೊಳ್ಳದೆ ಸತ್ಯ ತಿಳಿಯುವುದು ಕಷ್ಟ. ಪರದೆ ಪೂರಕವಾಗಬಹುದು, ಪರ್ಯಾಯವಾಗಲಾರದು.

ಜಿಲ್ಲೆಗಳನ್ನು ವಿಭಜಿಸುವಾಗ ಸರ್ಕಾರಗಳು ಸಾಮಾನ್ಯವಾಗಿ ಹೇಳುವ ಮಾತು ‘ಆಡಳಿತವನ್ನು ಜನರ ಬಾಗಿಲಿಗೆ ಒಯ್ಯುತ್ತೇವೆ’ ಎಂಬುದು. ಆಡಳಿತದಿಂದ ನೊಂದವನು ಹೋಗಬೇಕಾದ ಬಾಗಿಲೂ ಅಷ್ಟೇ ಹತ್ತಿರವಿರಬೇಕು. ಕಾರ್ಯಾಂಗ ಸಮೀಪ ಬಂದು ನ್ಯಾಯಪೀಠ ದೂರವೇ ಉಳಿದರೆ ಪ್ರಜೆಯ ಕೈ ಬಲಗೊಳ್ಳುವುದಿಲ್ಲ, ಅಧಿಕಾರಿಯ ಕೈ ಬಲಗೊಳ್ಳುತ್ತದೆ.