ಕಲ್ಲಿನಲ್ಲಿ ಉಳಿದ ಹೆಸರು, ಮೈದಾನದಲ್ಲಿ ಮರೆತ ಹೆಸರು

ಶಿಕಾರಿಪುರದ ಕಡೆಗೆ ಹೋದವರು ಬಂದಳಿಕೆಯನ್ನು ನೋಡದೆ ಹಿಂದಿರುಗಬಾರದೆಂದು ಮಿತ್ರರೊಬ್ಬರು ಹಟ ಹಿಡಿದರು. ಹೋದೆವು. ಒಂದು ಕಾಲಕ್ಕೆ ನಾಗರಖಂಡ-ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿ ಮೆರೆದ ಊರು ಅದು. ಈಗ ಅಲ್ಲಿ ಕಾಣುವುದು ಶಾಂತಿನಾಥ ಬಸದಿ, ತ್ರಿಮೂರ್ತಿ ದೇಗುಲ, ಸೋಮೇಶ್ವರ ದೇಗುಲ, ಮತ್ತು ಇವುಗಳ ನಡುವೆ ಮೌನವಾಗಿ ನಿಂತ ಶಾಸನದ ಕಲ್ಲುಗಳು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ಈ ನಾಡಿನ ನಾಳ್ಗಾವುಂಡನು ತೀರಿಕೊಂಡಾಗ ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಆಕೆ ಸಮರ್ಥಳಾಗಿ ನಾಡನ್ನಾಳಿ, ರೋಗ ಬಾಧಿಸಿದಾಗ ಮಗಳಿಗೆ ಆಡಳಿತವನ್ನೊಪ್ಪಿಸಿ, ಇಲ್ಲಿಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಸಾವಿರದ ನೂರು ವರ್ಷಗಳ ಹಿಂದಿನ ಈ ಹೆಣ್ಣುಮಗಳ ಹೆಸರು ನಮಗೆ ತಿಳಿದಿರುವುದು ಶಾಸನದ ಒಂದು ಕಲ್ಲಿನಿಂದ.

ದೇಗುಲದಾಚೆಯ ಬಯಲಿನಲ್ಲಿ ಹತ್ತೆಂಟು ಹುಡುಗರು ಕಾಲ್ಚೆಂಡಾಡುತ್ತಿದ್ದರು. ನಾಲ್ಕು ಕಲ್ಲುಗಳೇ ಗೋಲುಗಂಬಗಳು. ಒಬ್ಬ ಹುಡುಗ ಬೆನ್ನಿನ ಮೇಲೆ 11ರ ಅಂಕಿಯಿದ್ದ ನೀಲಿ ಅಂಗಿ ತೊಟ್ಟಿದ್ದ.

“ಇದು ಯಾರ ಅಂಗಿಯಪ್ಪ?” ಎಂದೆ.

“ಸುನಿಲ್ ಛೇತ್ರಿದು ಸಾರ್!”

“ಭೇಷ್. ಬೆಂಗಳೂರಿನ ರಾಮನ್ ಗೊತ್ತೇನು?”

ಹುಡುಗ ತುಸು ಯೋಚಿಸಿ, “ಸಿ. ವಿ. ರಾಮನ್ನಾ ಸಾರ್? ಅವರು ಫುಟ್‌ಬಾಲೂ ಆಡ್ತಿದ್ರಾ?” ಎಂದ.

ಮಿತ್ರರು ನಕ್ಕುಬಿಟ್ಟರು. ನನಗೂ ನಗು ಬಂದಿತು. ಆದರೆ ಹಿಂದಿರುಗುವ ದಾರಿಯುದ್ದಕ್ಕೂ ಆ ಪ್ರಶ್ನೆ ಮನಸ್ಸನ್ನು ಕೊರೆಯುತ್ತಲೇ ಇತ್ತು. ಹುಡುಗನ ತಪ್ಪೇನು? ನಾವು ಹೇಳಿದ್ದರಲ್ಲವೇ ಅವನಿಗೆ ತಿಳಿಯುವುದು!

ಆ ಹುಡುಗರು ಛೇತ್ರಿಯನ್ನು ಕೊಂಡಾಡುತ್ತಿದ್ದುದು 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ದಕ್ಷಿಣ ಏಷ್ಯದ ಚಾಂಪಿಯನ್ ಪಂದ್ಯಾವಳಿಯ ನೆನಪಿನಿಂದ. ‘ಸ್ಯಾಫ್’ ಎಂಬ ಕಿರುಹೆಸರಿನ ಈ ಪಂದ್ಯಾವಳಿಗೆ 1993ರಲ್ಲಿ ಲಾಹೋರಿನಲ್ಲಿ ನಾಂದಿಯಾಯಿತೆಂದು ಲೆಕ್ಕವಿಡುತ್ತಾರೆ. ಆದರೆ ನೆರೆಹೊರೆಯ ನಾಡುಗಳನ್ನು ಒಂದೇ ಮೈದಾನಕ್ಕೆ ಕರೆತರುವ ಆಲೋಚನೆ ಅದಕ್ಕಿಂತ ನಲವತ್ತು ವರ್ಷ ಹಳೆಯದು. ಭಾರತ, ಪಾಕಿಸ್ತಾನ, ಬರ್ಮಾ, ಸಿಲೋನ್ ಎಂಬ ನಾಲ್ಕು ದೇಶಗಳು ಸೇರಿ ಕೊಲಂಬೊ ಕಪ್ ಎಂಬ ಚತುಷ್ಕೋಣ ಪಂದ್ಯಾವಳಿಯನ್ನು ನಡೆಸಿದವು. 1952ರಲ್ಲಿ ಕೊಲಂಬೊ, 1953ರಲ್ಲಿ ರಂಗೂನ್, 1954ರಲ್ಲಿ ಕಲ್ಕತ್ತ, 1955ರಲ್ಲಿ ಢಾಕಾ. ಮೊದಲ ವರ್ಷ ಭಾರತ, ಪಾಕಿಸ್ತಾನಗಳು ಪಾರಿತೋಷಕವನ್ನು ಹಂಚಿಕೊಂಡವು. ಮುಂದಿನ ಮೂರು ವರ್ಷಗಳೂ ಅದು ಭಾರತದ ಪಾಲಾಯಿತು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಭಾರತದ ತಂಡ ಢಾಕಾಕ್ಕೆ ಹೋಗಿ ಆಡಿ ಬಂದುದು ಸಣ್ಣ ಮಾತಲ್ಲ.

ಅದು ನಮ್ಮ ಕಾಲ್ಚೆಂಡಾಟದ ಸುಗ್ಗಿಯ ಕಾಲ. ಆ ಸುಗ್ಗಿಯ ಒಂದು ಕಣಜ ಬೆಂಗಳೂರಾಗಿತ್ತು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಅಲ್ಲಿಯವರೆಗೆ ಆ ಕಪ್ಪು ಗೋರಾ ಸೈನಿಕರ ಸ್ವತ್ತಿನಂತಿತ್ತು. 1948ರಲ್ಲಿ ಸ್ವತಂತ್ರ ಭಾರತವು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿ, ಭಾರತ 1-2ರಿಂದ ಸೋತಿತು. ಆದರೆ ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಭಾರತದ ಮೊತ್ತಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಾನು ಹುಡುಗನಿಗೆ ಕೇಳಿದ ರಾಮನ್ ಇವರೇ.

ಇನ್ನೊಬ್ಬರು ಅಹಮದ್ ಖಾನ್. ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಅಲ್ಲಿಯ ಜನರಿಂದ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಕರೆಸಿಕೊಂಡವರು. ಆ ಐವರಲ್ಲಿ ಧನರಾಜ್ ಕೂಡ ನಮ್ಮ ಬೆಂಗಳೂರಿನವರೇ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯದ ಕೈಯಲ್ಲಿ ಭಾರತ 1-10ರ ಸೋಲನ್ನುಂಡಾಗ ಆ ಒಂದು ಗೋಲನ್ನು ಹೊಡೆದು ಮಾನ ಉಳಿಸಿದವರು ಅಹಮದ್ ಖಾನ್. ಆ ಸೋಲಿನ ನಂತರವೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಮುಂದೆ 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿದಾಗ ಆ ತಂಡದಲ್ಲಿ ಕೆಂಪಯ್ಯನವರಿದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯದ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಇಬ್ಬರೂ ನಮ್ಮ ನೆಲದವರು.

1955ರ ಢಾಕಾದ ನಂತರ ಕೊಲಂಬೊ ಕಪ್ಪು ನಿಂತುಹೋಯಿತು. ನೆರೆಹೊರೆಯವರ ಕೂಟ ಮತ್ತೆ ಕೂಡಲು ಮೂವತ್ತೆಂಟು ವರ್ಷ ಬೇಕಾಯಿತು. ಈ ನಡುವೆ ಬಾಂಗ್ಲಾದೇಶ ಹುಟ್ಟಿತ್ತು, ಸಿಲೋನ್ ಶ್ರೀಲಂಕಾ ಆಗಿತ್ತು, 1985ರಲ್ಲಿ ಸಾರ್ಕ್ ಎಂಬ ರಾಷ್ಟ್ರಕೂಟವೂ ಏರ್ಪಟ್ಟಿತ್ತು. 1993ರ ಮೊದಲ ಪಂದ್ಯಾವಳಿಗೆ ಆ ಕೂಟದ ಹೆಸರೇ ಬಂದು, ‘ಸಾರ್ಕ್ ಗೋಲ್ಡ್ ಕಪ್’ ಎನಿಸಿತು. ಸೇರಿದ್ದು ನಾಲ್ಕೇ ತಂಡ, ಗೆದ್ದದ್ದು ಭಾರತ. 1995ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ಭಾರತವನ್ನು ಮಣಿಸಿತು. 1997ರಲ್ಲಿ ಕಠ್ಮಂಡುವಿನಲ್ಲಿಯೂ 1999ರಲ್ಲಿ ಗೋವೆಯಲ್ಲಿಯೂ ಕಪ್ಪು ಭಾರತಕ್ಕೆ ಮರಳಿತು.

ಹಾಗೆಂದು ಇದು ದೊಡ್ಡಣ್ಣನೊಬ್ಬನದೇ ಆಟವೆಂದು ತಿಳಿಯಬಾರದು. 2003ರಲ್ಲಿ ಢಾಕಾದ ಜನ ತಮ್ಮದೇ ಅಂಗಳದಲ್ಲಿ ಬಾಂಗ್ಲಾದೇಶದ ಗೆಲುವನ್ನು ಕಂಡರು. ಕಡಲ ನಡುವಿನ ಚುಕ್ಕಿಗಳಂತಿರುವ ಮಾಲ್ಡೀವ್ಸ್ ದ್ವೀಪಗಳು 2008ರಲ್ಲಿಯೂ 2018ರಲ್ಲಿಯೂ ಅಂತಿಮ ಪಂದ್ಯದಲ್ಲಿ ಭಾರತವನ್ನೇ ಸೋಲಿಸಿ ಕಪ್ಪನ್ನು ಹೊತ್ತೊಯ್ದವು. ನಮ್ಮ ಒಂದು ಜಿಲ್ಲೆಯಷ್ಟೂ ಜನವಿಲ್ಲದ ನಾಡು ಅದು! ಯುದ್ಧದಿಂದ ನೊಂದ ಆಫ್ಘಾನಿಸ್ಥಾನ 2013ರಲ್ಲಿ ಕಠ್ಮಂಡುವಿನಲ್ಲಿ ಭಾರತವನ್ನು 2-0ರಿಂದ ಸೋಲಿಸಿದಾಗ, ಕಾಬೂಲಿನ ಜನ ಬೀದಿಗಿಳಿದು ಕುಣಿದರು. ಹೆಣ್ಣುಮಕ್ಕಳಿಗೂ 2010ರಿಂದ ಇಂಥದೇ ಪಂದ್ಯಾವಳಿ ನಡೆಯುತ್ತ ಬಂದಿದೆ. ಮೊದಲ ಐದು ಬಾರಿ ಗೆದ್ದ ಭಾರತದ ಕೈಯಿಂದ 2022ರಲ್ಲಿ ಅದನ್ನು ಕಸಿದುಕೊಂಡವರು ಬಾಂಗ್ಲಾದ ಹುಡುಗಿಯರು. ಜಕ್ಕಿಯಬ್ಬೆ ಇದ್ದಿದ್ದರೆ ಸಂತೋಷಪಡುತ್ತಿದ್ದಳು.

ಇನ್ನು 2023ರ ಬೆಂಗಳೂರಿನ ಮಾತು. ಜೂನ್ 21ರಂದು ಮಳೆಯಲ್ಲಿ ನೆಂದ ಕಂಠೀರವದಲ್ಲಿ ಭಾರತವು ಪಾಕಿಸ್ತಾನವನ್ನು 4-0ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಛೇತ್ರಿಯವು. ಆ ವರ್ಷ ಲೆಬನಾನ್, ಕುವೈತ್ ತಂಡಗಳು ಅತಿಥಿಗಳಾಗಿ ಬಂದಿದ್ದವು. ಸೆಮಿಫೈನಲ್ಲಿನಲ್ಲಿ ಲೆಬನಾನನ್ನು ಪೆನಾಲ್ಟಿಗಳಲ್ಲಿ ದಾಟಿದ ಭಾರತ, ಜುಲೈ 4ರಂದು ಕುವೈತಿನೊಡನೆ 1-1ರಲ್ಲಿ ನಿಂತು, ಮತ್ತೆ ಪೆನಾಲ್ಟಿಗಳಿಗೆ ಹೋಯಿತು. ಗುರ್‌ಪ್ರೀತ್ ಸಿಂಗ್ ಕೊನೆಯ ಹೊಡೆತವನ್ನು ತಡೆದಾಗ ಭಾರತಕ್ಕೆ ಒಂಬತ್ತನೆಯ ಬಾರಿ ಪಾರಿತೋಷಕ ದಕ್ಕಿತು.

ಅದೇ ವರ್ಷದ ಮಾರ್ಚಿಯಲ್ಲಿ, ದೂರದ ರಿಯಾದಿನಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಅದಕ್ಕೆ ಮುಂಚೆ ಆ ಟ್ರೋಫಿ ನಮ್ಮ ಕೈಸೇರಿದ್ದು 1968-69ರಲ್ಲಿ. ಆಗ ನಮ್ಮ ರಾಜ್ಯಕ್ಕೆ ಮೈಸೂರೆಂದೇ ಹೆಸರು. ರಾಜ್ಯದ ಹೆಸರೇ ಬದಲಾಗುವಷ್ಟು ಕಾಲ ಕಾಯಬೇಕಾಯಿತಲ್ಲ! ಇಷ್ಟು ದೀರ್ಘಕಾಲ ಗೆಲುವಿಲ್ಲದೆ ಹೋದಾಗ ಗೆದ್ದವರ ಹೆಸರನ್ನು ಹೇಳುವವರೂ ಇಲ್ಲದಾಗುತ್ತಾರೆ. ಮಕ್ಕಳಿಗೆ ಹಿಂದೆ ಆಡಿದವರು ಯಾರೆಂದು ತಿಳಿಯದಿದ್ದರೆ, ತಮ್ಮಂಥವರೂ ಅಲ್ಲಿಗೆ ಹೋಗಬಹುದೆಂಬ ಧೈರ್ಯ ಎಲ್ಲಿಂದ ಬರಬೇಕು?

ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೊಂದಿದೆ. ಅಲ್ಲಿಯ ಜನ ಈ ಆಟವನ್ನು ಎಷ್ಟು ಪ್ರೀತಿಸುತ್ತಾರೆಂಬುದಕ್ಕೆ ಅದೇ ಸಾಕ್ಷಿ. ಅರುಮೈನಾಯಗಂ ಬೆಳೆದ ಕೇರಿಯೂ ಅದೇ. ಪೆಲೆಯನ್ನು ನೋಡಲು ಮಗುವನ್ನು ಕರೆದೊಯ್ದ ತಂದೆ ಈ ಹೆಸರನ್ನೂ ಒಮ್ಮೆ ಹೇಳಿದರೆ ನಷ್ಟವೇನೂ ಇಲ್ಲ.

ಬಂದಳಿಕೆಯಿಂದ ಹೊರಡುವ ಮುನ್ನ ಆ ನೀಲಿ ಅಂಗಿಯ ಹುಡುಗನನ್ನು ಹತ್ತಿರ ಕರೆದು, ರಾಮನ್ ಅವರ ಗೋಲಿನ ಕಥೆ ಹೇಳಿದ್ದೆ. “ಬರಿಗಾಲಲ್ಲಾ ಸಾರ್?” ಎಂದು ಅವನು ತನ್ನ ಧೂಳುಗಾಲುಗಳನ್ನು ನೋಡಿಕೊಂಡ. ಮತ್ತೆ ಚೆಂಡಿನ ಬಳಿಗೆ ಓಡಿ, ಗೆಳೆಯರಿಗೆ ಏನನ್ನೋ ಕೂಗಿ ಹೇಳಿದ. ದೂರಕ್ಕೆ ಮಾತು ಪೂರ್ತಿ ಕೇಳಿಸಲಿಲ್ಲ. “ರಾಮನ್” ಎಂಬ ಹೆಸರು ಮಾತ್ರ ಕೇಳಿಸಿತು.