‘ಎಕ್ಸ್‌ಪ್ಲೇನ್ ಮಿ’ ಅಂದ್ರೆ ನಗೋದ್ಯಾಕೆ?

ಕಳೆದ ಸೆಮಿಸ್ಟರ್‌ನಲ್ಲಿ ಒಂದು ದಿನ ನಮ್ಮ ಕ್ಲಾಸ್‌ಮೇಟ್ ಒಬ್ಬ ಎದ್ದು ನಿಂತು, “ಸರ್, ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್ ಸರ್ಕ್ಯೂಟ್” ಅಂದ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಅವನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವನು. ಕೇಳಿದ ಡೌಟು ಸರಿಯಾಗೇ ಇತ್ತು. ನಿಜ ಹೇಳಬೇಕಂದ್ರೆ ಆ ಸರ್ಕ್ಯೂಟ್ ನಮಗೂ ಅರ್ಥ ಆಗಿರಲಿಲ್ಲ. ಆದರೆ ಅವತ್ತಿನಿಂದ ಸೆಮಿಸ್ಟರ್ ಮುಗಿಯೋವರೆಗೂ ಅವನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ನಕ್ಕವರು ಬೇರೆ ಯಾರೂ ಅಲ್ಲ, ನಾವೇ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿಕೊಂಡು ಬಂದವರು.

ಈ ಲೇಖನ ಆ ನಗುವಿನ ಬಗ್ಗೆ. ಜೊತೆಗೆ, ಇಂಥದ್ದೇ ತಪ್ಪುಗಳನ್ನ ಕೇಳಿ ನಗದೇ ಒಂದು ದೊಡ್ಡ ಕೆಲಸ ಮಾಡಿದ ಒಬ್ಬ ಮೇಷ್ಟ್ರ ಬಗ್ಗೆ.

ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಇದೆ. ಅದರ ಹಳೆ ಪ್ರತಿಗಳ ಮುಖಪುಟದಲ್ಲಿ ಎ. ಎಸ್. ಹಾರ್ನ್‌ಬಿ ಅಂತ ಒಂದು ಹೆಸರಿರುತ್ತೆ. ಹಾರ್ನ್‌ಬಿ ಇಂಗ್ಲೆಂಡಿನವರು. ಆದರೆ ಆ ಡಿಕ್ಷನರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ!

1924ರಲ್ಲಿ ಹಾರ್ನ್‌ಬಿ ಜಪಾನಿನ ಓಯಿತಾ ಎಂಬ ಊರಿನ ವಾಣಿಜ್ಯ ಕಾಲೇಜಿಗೆ ಮೇಷ್ಟ್ರಾಗಿ ಹೋದರು. ಹೋಗಿದ್ದು ಇಂಗ್ಲಿಷ್ ಸಾಹಿತ್ಯ ಪಾಠ ಮಾಡೋಕೆ. ಅಲ್ಲಿ ನೋಡಿದರೆ ಹುಡುಗರಿಗೆ ಬೇಕಾಗಿದ್ದು ಸಾಹಿತ್ಯ ಅಲ್ಲ, ಭಾಷೆ. ಟೋಕಿಯೋದಲ್ಲಿ ಆಗ ಹೆರಾಲ್ಡ್ ಪಾಮರ್ ಎಂಬ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು, ಇಂಗ್ಲಿಷನ್ನ ಹೇಗೆ ಕಲಿಸಬೇಕು ಅಂತ ಸಂಶೋಧನೆ ಮಾಡೋಕೆ ಒಂದು ಸಂಸ್ಥೆ ನಡೆಸುತ್ತಿದ್ದರು. ಹಾರ್ನ್‌ಬಿ ಅವರ ಜೊತೆ ಸೇರಿಕೊಂಡರು. 1936ರಲ್ಲಿ ಪಾಮರ್ ವಾಪಸ್ ಹೋದ ಮೇಲೆ ಕೆಲಸ ಹಾರ್ನ್‌ಬಿ ಹೆಗಲಿಗೆ ಬಂತು. ಇನ್ನಿಬ್ಬರು ಸಂಗಡಿಗರ ಜೊತೆ ಕೂತು ಅವರು ಡಿಕ್ಷನರಿ ತಯಾರಿಸಿದರು. ಅಷ್ಟರಲ್ಲಿ ಯುದ್ಧ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿ ಆದಮೇಲೆ ಹಾರ್ನ್‌ಬಿಯನ್ನ ಶತ್ರು ದೇಶದವರು ಅಂತ ಬಂಧನದಲ್ಲಿಟ್ಟು, ಮುಂದಿನ ವರ್ಷ ಅವರ ದೇಶಕ್ಕೆ ಕಳಿಸಿದರು. ಅದೇ 1942ರಲ್ಲಿ, ಎರಡು ದೇಶಗಳು ಕಾದಾಡುತ್ತಿರುವಾಗಲೇ, ಟೋಕಿಯೋದ ಪ್ರಕಾಶಕರೊಬ್ಬರು ಆ ಪುಸ್ತಕ ಅಚ್ಚು ಹಾಕಿದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಮತ್ತೆ ಪ್ರಕಟಿಸಿತು. ದೇಶ ಸುತ್ತು, ಕೋಶ ಓದು ಅಂತಾರೆ. ಇವರು ದೇಶ ಸುತ್ತಿ ಕೋಶವನ್ನೇ ಬರೆದರು.

ಆ ಪುಸ್ತಕದಲ್ಲಿ ಹೊಸದೇನಿತ್ತು? ಹಾರ್ನ್‌ಬಿ ವಾದ ಸರಳವಾಗಿತ್ತು: ಪದದ ಅರ್ಥ ಗೊತ್ತಿದ್ದರೆ ಸಾಲದು, ಆ ಪದ ವಾಕ್ಯದಲ್ಲಿ ಯಾವುದರ ಜೊತೆ ಹೇಗೆ ಕೂರುತ್ತೆ ಅನ್ನೋದೂ ಗೊತ್ತಿರಬೇಕು. ಅದಕ್ಕೇ ಅವರು ಇಂಗ್ಲಿಷ್ ಕ್ರಿಯಾಪದಗಳನ್ನ 25 ಮಾದರಿಗಳಾಗಿ ವಿಂಗಡಿಸಿ, ಯಾವ ಕ್ರಿಯಾಪದ ಯಾವ ಮಾದರಿಗೆ ಸೇರುತ್ತೆ ಅಂತ ತೋರಿಸಿದರು. ಯಾವ ನಾಮಪದವನ್ನ ಎಣಿಸಬಹುದು, ಯಾವುದನ್ನ ಎಣಿಸೋಕಾಗಲ್ಲ ಅಂತಲೂ ಗುರುತು ಹಾಕಿದರು. ಇಂಗ್ಲಿಷ್ ಮನೆಮಾತಾಗಿರೋರಿಗೆ ಇದು ಬೇಕೇ ಇಲ್ಲ. ಹೊರಗಿನಿಂದ ಬಂದು ಕಲಿಯೋರಿಗೆ ಮಾತ್ರ ಇದೇ ಮುಖ್ಯ. ತವರಿನಲ್ಲೇ ಕೂತಿದ್ದರೆ ಹಾರ್ನ್‌ಬಿಗೂ ಇದು ಹೊಳೀತಿತ್ತೋ ಇಲ್ವೋ.

ಈಗ ನಮ್ಮ ಗೆಳೆಯನ ವಾಕ್ಯಕ್ಕೆ ಬನ್ನಿ. ‘ಟೆಲ್ ಮಿ’ ಸರಿ, ‘ಶೋ ಮಿ’ ಸರಿ, ‘ಗಿವ್ ಮಿ’ ಸರಿ. ಹಾಗಿದ್ದ ಮೇಲೆ ‘ಎಕ್ಸ್‌ಪ್ಲೇನ್ ಮಿ’ ಯಾಕೆ ಸರಿ ಇರಬಾರದು? ಕನ್ನಡದಲ್ಲಂತೂ ನನಗೆ ಹೇಳು, ನನಗೆ ತೋರಿಸು, ನನಗೆ ವಿವರಿಸು, ಎಲ್ಲಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಮಾತ್ರ ‘ಎಕ್ಸ್‌ಪ್ಲೇನ್’ ಜೊತೆ ‘ಟು’ ಬೇಕು. ಅಂದರೆ ಅವನ ತಪ್ಪು ದಡ್ಡತನದ್ದಲ್ಲ, ಲಾಜಿಕ್‌ನದ್ದು. ಗೊತ್ತಿರೋ ಮೂರು ಉದಾಹರಣೆಯಿಂದ ನಾಲ್ಕನೆಯದನ್ನ ಊಹೆ ಮಾಡಿದ. ನಾವು ಲ್ಯಾಬಿನಲ್ಲಿ ದಿನಾ ಮಾಡೋದೂ ಅದನ್ನೇ ಅಲ್ವಾ? ‘ಡಿಸ್ಕಸ್ ಅಬೌಟ್’ ಕಥೆಯೂ ಅಷ್ಟೇ. ‘ಬಗ್ಗೆ ಚರ್ಚೆ ಮಾಡೋಣ’ ಅನ್ನೋ ನಾಲಿಗೆಗೆ ‘ಅಬೌಟ್’ ತಾನಾಗೇ ಬರುತ್ತೆ. ಹೊರದೇಶದ ಮೇಷ್ಟ್ರಿಗೆ ಇಂಥ ತಪ್ಪಿನ ಹಿಂದಿನ ಕಾರಣ ಕಂಡಿತು. ಒಂದೇ ಬೆಂಚಿನಲ್ಲಿ ಕೂರೋ ನಮಗೆ ಕಾಣಲಿಲ್ಲ.

ನಮ್ಮ ಕಥೆಯನ್ನೂ ಹೇಳಿಬಿಡ್ತೀವಿ. ರಾಜ್ಯೋತ್ಸವದ ದಿನ ಸ್ಟೇಜ್ ಮೇಲೆ ಮೈಕ್ ಕೊಟ್ಟಾಗ “ನನ್ನ ಹತ್ರ ಎರಡು ತಮ್ಮಂದಿರು ಇದಾರೆ” ಅಂದುಬಿಟ್ಟೆವು. ಹಾಲ್‌ಗೆ ಹಾಲೇ ನಕ್ಕಿತು. ತಮ್ಮಂದಿರು ಇರೋದು ಹತ್ತಿರ ಅಲ್ಲ, ‘ನನಗೆ’. ಎರಡು ಅಲ್ಲ, ‘ಇಬ್ಬರು’. ತಲೆಯಲ್ಲಿ ‘ಐ ಹ್ಯಾವ್ ಟೂ ಬ್ರದರ್ಸ್’ ಓಡ್ತಾ ಇತ್ತು, ಬಾಯಲ್ಲಿ ಕನ್ನಡ ಬಂತು. ಇದೂ ‘ಎಕ್ಸ್‌ಪ್ಲೇನ್ ಮಿ’ ಥರದ್ದೇ ತಪ್ಪು, ದಿಕ್ಕು ಮಾತ್ರ ಉಲ್ಟಾ. ಅವತ್ತಿನಿಂದ ನಾವೂ ಮೈಕ್ ಕಂಡರೆ ಹಿಂದೆ ಸರೀತೀವಿ. ನಗು ಏನು ಮಾಡುತ್ತೆ ಅಂತ ಆಗ ಗೊತ್ತಾಯ್ತು.

ಹಾಗಂತ ತಪ್ಪಾದರೂ ಪರವಾಗಿಲ್ಲ, ನಡೆಯುತ್ತೆ ಅಂತ ನಾವು ಹೇಳ್ತಿಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್ ಇದೆ, ಗ್ರೂಪ್ ಡಿಸ್ಕಷನ್ ಇದೆ. ಎಂಎಸ್‌ಗೆ ಹೋಗೋರಿಗೆ ಐಇಎಲ್‌ಟಿಎಸ್ ಇದೆ. ಅಲ್ಲಿ ಮಾರ್ಕ್ಸ್ ಕಟ್ ಆಗೇ ಆಗುತ್ತೆ. ಹಾರ್ನ್‌ಬಿ ಕೂಡ ತಪ್ಪನ್ನ ಸರಿ ಅನ್ನಲಿಲ್ಲ. ಸರಿಯಾದ ಮಾದರಿ ಯಾವುದು ಅಂತ ಪಕ್ಕದಲ್ಲಿ ಬರೆದು ತೋರಿಸಿದರು, ಅಷ್ಟೇ. ಕನ್ನಡದಲ್ಲಿ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದ ಪದದ ಅನುಮಾನಕ್ಕೂ ಉತ್ತರ ಕೊಡ್ತಿದ್ದರು. ಅಷ್ಟು ದೊಡ್ಡ ವಿದ್ವಾಂಸರಿಗೇ ಇದ್ದ ತಾಳ್ಮೆ ನಮಗೆ ಯಾಕಿಲ್ಲ?

ಇನ್ನೊಂದು ಮಾತು. ನಮ್ಮಲ್ಲಿ ಅರ್ಧಕ್ಕರ್ಧ ಜನ ಹೊರದೇಶದ ಕನಸು ಕಾಣ್ತಿದೀವಿ. ಅಲ್ಲಿ ಹೋದ ಮೊದಲ ದಿನವೇ ನಾವೂ ಹಿಂದಿನ ಬೆಂಚಿನವರ ಕಿವಿಗೆ ವಿಚಿತ್ರವಾಗಿ ಕೇಳಿಸ್ತೀವಿ. ನಮ್ಮ ‘ಪ್ರಿಪೋನ್’ ಅಲ್ಲಿ ಎಷ್ಟೋ ಜನರಿಗೆ ಅರ್ಥ ಆಗಲ್ಲ. ಆದರೆ ಅದೇ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ಇವತ್ತು ‘ಪ್ರಿಪೋನ್’ ಭಾರತೀಯ ಇಂಗ್ಲಿಷ್ ಅನ್ನೋ ಗುರುತಿನ ಜೊತೆ ಜಾಗ ಪಡೆದಿದೆ. ಇವತ್ತು ನಾವು ಇಲ್ಲಿ ನಗೋದು ಬಿಟ್ಟರೆ, ನಾಳೆ ಅಲ್ಲಿ ಯಾರೂ ನಗದಿರಲಿ ಅಂತ ಕೇಳೋಕೆ ನಮಗೂ ಮುಖ ಇರುತ್ತೆ.

ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆ. ವಾರಕ್ಕೆ ಅರ್ಧ ಗಂಟೆ ಸಾಕು. ಕನ್ನಡ ಮೀಡಿಯಂನವರು ನಮಗೆ ‘ಇಬ್ಬರು ತಮ್ಮಂದಿರು’ ಕಲಿಸಲಿ, ನಾವು ಅವರಿಗೆ ‘ಎಕ್ಸ್‌ಪ್ಲೇನ್ ಟು ಮಿ’ ಹೇಳಿಕೊಡ್ತೀವಿ. ಒಂದು ನೋಟ್‌ಬುಕ್ ಇಡೋಣ. ಅದರಲ್ಲಿ ತಪ್ಪು ಇರಲಿ, ಸರಿ ಇರಲಿ, ಯಾಕೆ ತಪ್ಪಾಯ್ತು ಅನ್ನೋದೂ ಇರಲಿ. ಯಾರು ತಪ್ಪು ಮಾಡಿದ್ದು ಅನ್ನೋ ಹೆಸರು ಮಾತ್ರ ಬೇಡ.

ಅದಕ್ಕೂ ಮುಂಚೆ ನಾವು ಮಾಡಬೇಕಾದ ಕೆಲಸ ಒಂದಿದೆ. ಆ ಗೆಳೆಯನ ಹತ್ರ ಹೋಗಿ ಸಾರಿ ಕೇಳಬೇಕು. ಆಮೇಲೆ ಆ ಸರ್ಕ್ಯೂಟ್ ಅವನಿಗೆ ಅರ್ಥ ಆಗಿದ್ದರೆ, ನಮಗೂ ವಿವರಿಸು ಅಂತ ಕೇಳಬೇಕು. ಕನ್ನಡದಲ್ಲೇ.