ಬೊಕ್ಕಸದ ಹಣ, ಊರಿನ ಶಾಲೆ

ಮುಂಗಾರು ಆರಂಭವಾಯಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಮೂಡುತ್ತವೆ: ಹೊಲಕ್ಕೆ ಬೀಜ, ಮಕ್ಕಳಿಗೆ ಶಾಲೆ. ಬೀಜಕ್ಕೆ ಸಾಲ ಎತ್ತುವ ಒಕ್ಕಲಿಗನು ಶಾಲೆಯ ಶುಲ್ಕಕ್ಕೂ ಸಾಲ ಎತ್ತುವಂತಾದುದು ಏಕೆಂಬುದನ್ನು ಈ ತಿಂಗಳು ವಿಚಾರಿಸೋಣ.

ರಾಷ್ಟ್ರೀಯ ಆದಾಯದಲ್ಲಿ ಶೇ. 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 1968, 1986 ಹಾಗೂ 2020ರ ಶಿಕ್ಷಣ ನೀತಿಗಳು ಅದೇ ಮಾತನ್ನು ಪುನರುಚ್ಚರಿಸಿದವು. ಆ ಗುರಿಯನ್ನು ದೇಶವು ಇಂದಿಗೂ ಮುಟ್ಟಿಲ್ಲ. ವೆಚ್ಚವಾಗುವ ಹಣದಲ್ಲಿ ಬಹುಪಾಲು ವೇತನಕ್ಕೆ ಸಲ್ಲುತ್ತದೆ. ಅದು ತಪ್ಪಲ್ಲ, ಗುರುವಿಲ್ಲದ ಶಾಲೆ ಬರಿಯ ಗೋಡೆ. ಆದರೆ ಕೊಠಡಿ, ಶೌಚಾಲಯ, ಪ್ರಯೋಗಾಲಯ, ಗ್ರಂಥಾಲಯಗಳೆಲ್ಲವೂ ಉಳಿದ ಅಲ್ಪದಲ್ಲಿಯೇ ಆಗಬೇಕಾಗಿದೆ. ಉತ್ತರ ಕರ್ನಾಟಕದ ಹಿಂದುಳಿದಿರುವಿಕೆಯನ್ನು ನಂಜುಂಡಪ್ಪ ಸಮಿತಿಯು 2002ರಲ್ಲಿಯೇ ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿತು. ಇಂಥ ಕಡೆ ಕೊರತೆಯ ಪೆಟ್ಟು ಮೊದಲು ಬೀಳುವುದು ಹೆಣ್ಣುಮಗುವಿನ ಮೇಲೆ. ಪ್ರೌಢಶಾಲೆ ದೂರವೆಂಬ ಒಂದೇ ಕಾರಣಕ್ಕೆ ಅವಳ ಓದು ನಿಲ್ಲುತ್ತದೆ.

ಸರಿಯಾಗಿ ವ್ಯಯಿಸಿದ ಹಣವು ಫಲ ಕೊಡದೆ ಇರದು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಾಡಿಗೆಲ್ಲ ಹಬ್ಬಿದ ಮಧ್ಯಾಹ್ನದ ಬಿಸಿಯೂಟಕ್ಕೆ ಸರಕಾರವು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. ಶರಣರ ಪದವೊಂದು ಸರಕಾರದ ಕಡತವನ್ನು ಸೇರಿದ್ದು ಸಂತೋಷವೇ. ಹಸಿದ ಹೊಟ್ಟೆಯ ಮುಂದೆ ಪಾಟಿ ಹಿಡಿದು ಫಲವಿಲ್ಲವೆಂಬುದನ್ನು ನಮ್ಮ ಮಠಗಳು ಎಂದೋ ಅರಿತಿದ್ದವು. ಅಂತೆಯೇ ಉಚಿತ ಪ್ರಸಾದನಿಲಯಗಳನ್ನು ತೆರೆದವು. 1904ರಲ್ಲಿ ಮಹಾಸಭೆಯನ್ನು ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳ ಕಾರ್ಯವಾಗಲಿ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದ ಏಳು ಜನರ ತ್ಯಾಗವಾಗಲಿ, ಬೊಕ್ಕಸದ ದಾರಿಯನ್ನು ಕಾಯುತ್ತ ಕೂಡಲಿಲ್ಲ.

ಹಾಗೆಂದು ದಾನವೇ ಸಾಕೆನ್ನಲಾಗದು. ಮಠದ ನೆರಳು ತಲುಪದ ಊರಿನ ಮಗುವೂ ಮಗುವೇ. ದಾನಿಯ ಮನಸ್ಸು ಬದಲಾಗಬಹುದು, ಹಕ್ಕು ಬದಲಾಗಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸಾರವೇ ಇದು.

ಇನ್ನು ನಮ್ಮ ತಪ್ಪನ್ನೂ ನಾವು ಒಪ್ಪಬೇಕು. ಅನುಕೂಲವುಳ್ಳ ನಾವು ಮಕ್ಕಳನ್ನು ವ್ಯಾನಿನಲ್ಲಿ ಪಟ್ಟಣದ ಶಾಲೆಗೆ ಕಳುಹಿಸಿ, ಊರಿನ ಶಾಲೆಯತ್ತ ತಿರುಗಿಯೂ ನೋಡದಾದೆವು. ಕೇಳುವ ಬಾಯಿ ದೂರವಾದರೆ ಸೋರುವ ಮಾಳಿಗೆ ಯಾರಿಗೆ ಕಂಡೀತು? ಅಲ್ಲಿ ಉಳಿದಿರುವವರು ಕೂಲಿಕಾರರ ಮಕ್ಕಳು. ಅವರ ತಂದೆತಾಯಿಗಳಿಗೆ ಕಚೇರಿಯ ಮೆಟ್ಟಿಲು ಹತ್ತಲು ಒಂದು ದಿನದ ಕೂಲಿ ಬಿಡಬೇಕು.

ಅದೇ ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದೂ, ಬಂದ ಅನುದಾನದ ವೆಚ್ಚವನ್ನು ನೋಡಿಕೊಳ್ಳುವುದೂ ಈ ಸಮಿತಿಯ ಹೊಣೆ. ಆದುದರಿಂದ ಓದುಬಲ್ಲ ಪ್ರತಿಯೊಂದು ಮನೆಯವರೂ ಈ ವರ್ಷ ತಮ್ಮ ಊರಿನ ಶಾಲೆಗೆ ಹೋಗಿ, ಎಷ್ಟು ಹಣ ಬಂದಿತು, ಯಾವುದಕ್ಕೆ ಸಂದಿತು ಎಂದು ಸೌಜನ್ಯದಿಂದ ವಿಚಾರಿಸಲಿ. ನೆರೆಯ ಪೋಷಕರಿಗೆ ಯೋಜನೆ ಬರೆಯಲು ನೆರವಾಗಲಿ. ಇದೂ ಕಾಯಕವೇ. ನಮ್ಮ ಮಗು ಅಲ್ಲಿ ಓದದಿದ್ದರೂ ಆ ಶಾಲೆ ನಮ್ಮದೇ.